ಮೈ ಇಳಿಸುವವರ ಊಟದ ಲೆಕ್ಕ

ದೇಹವು ಬೆಳೆಯಲೆಂದು ಉಣ್ಣುವುದನ್ನು ಎಲ್ಲರೂ ಬಲ್ಲರು. ದೇಹವು ಇಳಿಯಲೆಂದು ಉಣ್ಣುವುದು ಹೇಗೆಂಬುದನ್ನು ಬಲ್ಲವರು ವಿರಳ. ನಮ್ಮ ಹಿರಿಯರಿಗೆ ಹೊಟ್ಟೆಯನ್ನು ತುಂಬುವ ಚಿಂತೆಯಿತ್ತು. ನಮ್ಮ ಕಾಲದ ಗೃಹಸ್ಥರಲ್ಲಿ ಅನೇಕರಿಗೆ ಅದನ್ನು ಕರಗಿಸುವ ಚಿಂತೆ ಬಂದೊದಗಿದೆ. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಮಿತಿಮೀರಿದ ತೂಕದವರು. ಇದು ಪಟ್ಟಣವಾಸಿಗಳ ಮಾತ್ರದ ಕಥೆಯಲ್ಲ. ತಿಪಟೂರು ತಾಲ್ಲೂಕಿನ ನಮ್ಮ ಅರಳಗುಪ್ಪೆಯಂಥ ಗ್ರಾಮಗಳಲ್ಲಿಯೂ ವೈದ್ಯರ ಬಳಿಗೆ ಹೋಗಿ ಬಂದವರು ಹೇಳುವ ಮಾತು ಒಂದೇ: "ತೂಕ ಇಳಿಸಬೇಕಂತೆ."

ಇಳಿಸುವುದು ಹೇಗೆ? ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಮ್ಮ ಜಗಲಿಯ ಮೇಲೆ ಬಂದು ಕುಳಿತುಕೊಳ್ಳುವವರಲ್ಲಿ ಈ ಪ್ರಶ್ನೆಯನ್ನು ಕೇಳದವರು ಕಡಮೆ. "ಮೇಷ್ಟ್ರೇ, ದಿನಕ್ಕೆ ಸಾವಿರದಿನ್ನೂರು ಕ್ಯಾಲೊರಿ ತಿಂದರೆ ಸಾಕು ಅಂತ ಫೋನಿನಲ್ಲಿ ತೋರಿಸುತ್ತಾರಲ್ಲ, ಸರಿಯೇ?" ಎಂದು ತೋಟದ ಕೆಲಸದವನೂ ಕೇಳುತ್ತಾನೆ, ಅಂಗಡಿಯ ಯಜಮಾನನೂ ಕೇಳುತ್ತಾನೆ, ಮದುವೆಗೆ ಇರುವ ಹುಡುಗಿಯೂ ಕೇಳುತ್ತಾಳೆ. ಮೂವರಿಗೂ ಒಂದೇ ಅಂಕಿ! ಈ ಮೂವರ ಹೊಲಿಗೆಗೆ ಒಂದೇ ಅಳತೆಯ ಬಟ್ಟೆಯನ್ನು ಕತ್ತರಿಸುವ ದರ್ಜಿಯನ್ನು ನಾವು ಮೂರ್ಖನೆನ್ನುವುದಿಲ್ಲವೆ? ಅಂಕಿಯು ಸುಳ್ಳಲ್ಲ, ಆದರೆ ಅದು ಯಾರದೆಂಬುದನ್ನು ವಿಚಾರಿಸದೆ ಸ್ವೀಕರಿಸುವುದು ಅಪಾಯಕರ. ಆದಕಾರಣ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ತಮ್ಮ ತಮ್ಮ ಅಂಕಿಯನ್ನು ತಾವೇ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ತಿಳಿಸಲು ಉದ್ದೇಶಿಸಿದ್ದೇವೆ.

ಕ್ಯಾಲೊರಿ ಎಂದರೇನು?

ಒಂದು ಲೀಟರು ನೀರಿನ ಶಾಖವನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಉಷ್ಣಕ್ಕೆ ಆಹಾರಶಾಸ್ತ್ರಜ್ಞರು ಕ್ಯಾಲೊರಿ ಎಂದು ಹೆಸರಿಟ್ಟಿದ್ದಾರೆ. ಒಲೆಯಲ್ಲಿ ಸೌದೆಯು ಉರಿಯುವಂತೆ ಶರೀರದಲ್ಲಿ ಅನ್ನವು ಉರಿಯುವುದು. ಆ ಉರಿಯಿಂದಲೇ ಉಸಿರಾಟ, ರಕ್ತಸಂಚಾರ, ನಡೆ, ನುಡಿ, ದುಡಿಮೆ ಎಲ್ಲವೂ ಸಾಗುವುವು. ಯಾವ ಪದಾರ್ಥದಲ್ಲಿ ಎಷ್ಟು ಉಷ್ಣವಿದೆಯೆಂಬುದನ್ನು ಅಮೆರಿಕೆಯ ಆಟ್‌ವಾಟರ್ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರಿಶ್ರಮಪಟ್ಟು ಅಳೆದನು. ಪಿಷ್ಟ ಅಥವಾ ಸಕ್ಕರೆಯ ಒಂದು ಗ್ರಾಂ ೪ ಕ್ಯಾಲೊರಿಗಳನ್ನೂ, ಬೇಳೆಕಾಳುಗಳಲ್ಲಿ ಹೇರಳವಾಗಿರುವ ಸಸಾರಜನಕದ ಒಂದು ಗ್ರಾಂ ೪ನ್ನೂ, ಎಣ್ಣೆ ತುಪ್ಪಗಳ ಒಂದು ಗ್ರಾಂ ೯ನ್ನೂ ಕೊಡುವುವೆಂಬುದು ಅವನ ಲೆಕ್ಕದ ಸಾರ. ಸ್ನೇಹದ್ರವ್ಯವು ಧಾನ್ಯಕ್ಕಿಂತ ಇಮ್ಮಡಿಗೂ ಮಿಗಿಲೆಂಬ ಈ ಒಂದು ಅಂಶವನ್ನು ತೆಂಗಿನ ಸೀಮೆಯವರಾದ ನಾವು ವಿಶೇಷವಾಗಿ ನೆನಪಿನಲ್ಲಿಡಬೇಕು.

ಮೈ ಇಳಿಸುವುದಕ್ಕಾಗಿ ಕ್ಯಾಲೊರಿಗಳನ್ನು ಎಣಿಸುವ ಪದ್ಧತಿಯು ೧೯೧೮ರಲ್ಲಿ ಲೂಲು ಹಂಟ್ ಪೀಟರ್ಸ್ ಎಂಬ ಅಮೆರಿಕೆಯ ವೈದ್ಯೆಯ ಪುಸ್ತಕದಿಂದ ಮನೆಮನೆಗೆ ಹಬ್ಬಿತು. ನಮ್ಮ ದೇಶದಲ್ಲಿಯಾದರೋ ಈ ಲೆಕ್ಕವು ಹುಟ್ಟಿದ್ದೇ ಬೇರೆ ಕಾರಣಕ್ಕೆ. ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ಅಕ್ರಾಯ್ಡ್ ಎಂಬುವರ ನೇತೃತ್ವದಲ್ಲಿ ಭಾರತೀಯ ಆಹಾರಗಳ ಪಟ್ಟಿಯು ೧೯೩೭ರಲ್ಲಿ ಪ್ರಕಟವಾದುದು, ಬಡವರ ಊಟದಲ್ಲಿ ಏನು ಸಾಲದೆಂಬುದನ್ನು ತಿಳಿಯುವುದಕ್ಕೆ. ಆ ಪ್ರಯೋಗಶಾಲೆಯೇ ೧೯೫೮ರಲ್ಲಿ ಹೈದರಾಬಾದಿಗೆ ಬಂದು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಕೊರತೆಯನ್ನು ಅಳೆಯಲೆಂದು ಮಾಡಿದ ತಕ್ಕಡಿಯಲ್ಲಿ ನಾವಿಂದು ಹೆಚ್ಚಳವನ್ನು ಅಳೆಯುತ್ತಿದ್ದೇವೆ. ತಕ್ಕಡಿಯ ಎರಡು ತಟ್ಟೆಗಳನ್ನೂ ಗಮನಿಸಿದವನಿಗೆ ಮಾತ್ರ ತೂಕವು ತಿಳಿಯುವುದು.

ಒಂದೇ ಅಂಕಿ, ಎರಡು ಫಲ

ಈ ಎರಡನೆಯ ತಟ್ಟೆ ಯಾವುದು? ಶರೀರವು ಮಾಡುವ ವೆಚ್ಚ. ಅದನ್ನು ಮರೆತರೆ ಏನಾಗುವುದೆಂಬುದಕ್ಕೆ ಇತಿಹಾಸದಿಂದ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರ ವರೆಗೆ, ದಕ್ಷಿಣ ದೇಶವನ್ನು ಹಿಂಡಿದ ಮಹಾಕ್ಷಾಮದಲ್ಲಿ ನಮ್ಮ ಮೈಸೂರು ಸೀಮೆಯೂ ಬೆಂದುಹೋಯಿತು. ಆಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಖರ್ಚನ್ನು ಉಳಿಸಲೆಂದು, ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದಿನವೆಲ್ಲ ದುಡಿಯುವ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು ೪೫೦ ಗ್ರಾಂ ಧಾನ್ಯವೂ ಮೇಲೆ ಒಂದಾಣೆಯೂ ಸಾಕೆಂದು ೧೮೭೭ರಲ್ಲಿ ಕಟ್ಟುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಇದನ್ನು ಬಲವಾಗಿ ಪ್ರತಿಭಟಿಸಿದನು. ಕೆಲವು ತಿಂಗಳಲ್ಲಿಯೇ ಆ ಅಳತೆಯನ್ನು ಏರಿಸಬೇಕಾಯಿತು. ಆ ಒಂದು ಪೌಂಡು ಧಾನ್ಯದಲ್ಲಿರುವುದು ಸುಮಾರು ೧೫೦೦ರಿಂದ ೧೬೦೦ ಕ್ಯಾಲೊರಿ.

ಎರಡನೆಯ ನಿದರ್ಶನ ೧೯೪೪-೪೫ರದು. ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ೩೬ ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, ೨೪ ವಾರಗಳ ಕಾಲ ದಿನಕ್ಕೆ ಸರಾಸರಿ ಸುಮಾರು ೧೫೭೦ ಕ್ಯಾಲೊರಿಗಳ ಊಟವನ್ನು ಕೊಟ್ಟು, ವಾರಕ್ಕೆ ೨೨ ಮೈಲಿ ನಡೆಯಿಸಿದನು. ಅವರ ಮೈತೂಕದಲ್ಲಿ ಕಾಲುಭಾಗ ಇಳಿದುಹೋಯಿತು. ಅದಕ್ಕಿಂತ ಶೋಚನೀಯವಾದುದು ಅವರ ಮನಸ್ಸಿನ ಸ್ಥಿತಿ: ಯಾವಾಗಲೂ ಚಳಿ, ನಿತ್ರಾಣ, ಸಿಡುಕು, ಹಗಲೂ ರಾತ್ರಿಯೂ ಅನ್ನದ್ದೇ ಧ್ಯಾನ.

ಈಗ ನೋಡಿ. ಕಲ್ಲೊಡೆಯುವ ಆಳಿಗೆ ಮೃತ್ಯುಪ್ರಾಯವಾದ ೧೬೦೦, ಕೃಶಕಾಯರಾದ ತರುಣರನ್ನು ಅರೆಹೊಟ್ಟೆಯಲ್ಲಿ ಕೊರಗಿಸಿದ ೧೫೭೦, ಇವು ಗಲ್ಲಾಪೆಟ್ಟಿಗೆಯ ಹಿಂದೆ ದಿನವೆಲ್ಲ ಕುಳಿತಿರುವ ಸ್ಥೂಲದೇಹಿಗೆ ಔಷಧಪ್ರಾಯವಾಗಬಹುದು. ಅಂಕಿಯು ಒಂದೇ, ಒಬ್ಬನಿಗೆ ವಿಷ, ಇನ್ನೊಬ್ಬನಿಗೆ ಪಥ್ಯ. ಆದುದರಿಂದ "ಎಷ್ಟು ತಿನ್ನಬೇಕು?" ಎಂಬುದಕ್ಕೆ ಮೊದಲು "ಎಷ್ಟು ವ್ಯಯವಾಗುತ್ತಿದೆ?" ಎಂದು ಕೇಳತಕ್ಕದ್ದು.

ತಂದೆಯ ಮುದ್ದೆ, ಮಗನ ಮುದ್ದೆ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣಗಳು ಹೀಗಿವೆ. ೬೫ ಕಿಲೋ ತೂಗುವ ಪುರುಷನು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ ೨೧೧೦ ಕ್ಯಾಲೊರಿ, ಮಧ್ಯಮ ಶ್ರಮದವನಾದರೆ ೨೭೧೦, ಕಠಿಣ ಶ್ರಮದವನಾದರೆ ೩೪೭೦. ೫೫ ಕಿಲೋ ತೂಗುವ ಸ್ತ್ರೀಗೆ ಅನುಕ್ರಮವಾಗಿ ೧೬೬೦, ೨೧೩೦, ೨೭೨೦. ಇವು ತೂಕವನ್ನು ಇದ್ದಂತೆ ಕಾಪಾಡಿಕೊಳ್ಳುವ ಪ್ರಮಾಣಗಳೇ ಹೊರತು ಇಳಿಸುವ ಪ್ರಮಾಣಗಳಲ್ಲ.

ಕುಳಿತವನಿಗೂ ದುಡಿದವನಿಗೂ ಇರುವ ಅಂತರವನ್ನು ಗಮನಿಸಿ: ೧೩೬೦ ಕ್ಯಾಲೊರಿ! ನಮ್ಮ ಭಾಗದ ಸ್ಥೌಲ್ಯದ ಗುಟ್ಟೆಲ್ಲ ಈ ಅಂತರದಲ್ಲಿ ಅಡಗಿದೆಯೆಂದು ನಮ್ಮ ಅಭಿಪ್ರಾಯ. ತಂದೆಯು ಕಪಿಲೆ ಹೊಡೆದನು, ನೇಗಿಲು ಹಿಡಿದನು, ತೋಟಕ್ಕೆ ಗೊಬ್ಬರ ಹೊತ್ತನು, ಸಂತೆಗೆ ನಡೆದು ಹೋಗಿ ನಡೆದು ಬಂದನು. ತಾಯಿಯು ಬೀಸುವ ಕಲ್ಲಿನ ಮುಂದೆ ಕುಳಿತಳು, ಭತ್ತ ಕುಟ್ಟಿದಳು, ಬಾವಿಯಿಂದ ನೀರು ಸೇದಿದಳು. ಮಗನ ತೋಟಕ್ಕೆ ಮೋಟಾರು ನೀರು ಹರಿಸುತ್ತದೆ. ಅವನನ್ನು ಬೈಕು ತಿಪಟೂರಿಗೆ ಒಯ್ಯುತ್ತದೆ. ಸೊಸೆಯ ಹಿಟ್ಟನ್ನು ಗಿರಣಿ ಬೀಸುತ್ತದೆ, ಚಟ್ನಿಯನ್ನು ಮಿಕ್ಸಿ ಅರೆಯುತ್ತದೆ. ಇದರಲ್ಲಿ ನಾವು ದುಃಖಪಡುವುದೇನೂ ಇಲ್ಲ. ಆ ತಾಯಂದಿರ ಬೆನ್ನುನೋವನ್ನು ಕಂಡವರಾರೂ ಬೀಸುವ ಕಲ್ಲು ಮರಳಿ ಬರಲೆಂದು ಹಾರೈಸಲಾರರು. ಆದರೆ ದುಡಿಮೆಯು ಹೋದರೂ ಮುದ್ದೆಯ ಗಾತ್ರವು ಹೋಗಲಿಲ್ಲ. ಅದರ ಜೊತೆಗೆ ತಂದೆಯು ಕಾಣದಿದ್ದ ಬೆಳಗಿನ ತಿಂಡಿ, ಸಂಜೆಯ ಬೋಂಡ, ಮೂರು ಹೊತ್ತಿನ ಕಾಫಿ ಬಂದು ಸೇರಿದುವು. ಉಳಿದ ಉಷ್ಣವು ಹೋಗುವುದೆಲ್ಲಿಗೆ? ಮೇದಸ್ಸಾಗಿ ಸೊಂಟದ ಸುತ್ತ ಕೂಡುವುದು.

ತನ್ನ ಅಂಕಿಯನ್ನು ಕಂಡುಕೊಳ್ಳುವ ಬಗೆ

ಮೊದಲು ಇಳಿಸುವ ಅಗತ್ಯವಿದೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಅಂಕಿಯು ಭಾರತೀಯರಿಗೆ ೨೩ನ್ನು ಮುಟ್ಟಿದರೆ ಎಚ್ಚರಿಕೆ, ೨೫ನ್ನು ಮುಟ್ಟಿದರೆ ಸ್ಥೌಲ್ಯ. ನಡುವಿನ ಸುತ್ತಳತೆ ಪುರುಷರಿಗೆ ೯೦ ಸೆಂಟಿಮೀಟರನ್ನೂ ಸ್ತ್ರೀಯರಿಗೆ ೮೦ನ್ನೂ ದಾಟಬಾರದು. ೨೩ಕ್ಕಿಂತ ಕೆಳಗಿದ್ದು ನಡುವೂ ಮಿತಿಯಲ್ಲಿರುವ ಹುಡುಗಿಯು ಕನ್ನಡಿಯ ಮಾತನ್ನು ಕೇಳಿ ಉಪವಾಸ ಬೀಳುವುದು ಅನ್ಯಾಯ. ತಾಯಿತಂದೆಗಳು ಅದಕ್ಕೆ ಎಡೆಗೊಡಬಾರದು.

ಅಗತ್ಯವಿದ್ದವರು ಮುಂದಿನ ಲೆಕ್ಕವನ್ನು ಮಾಡಲಿ. ೧೯೯೦ರಲ್ಲಿ ಮಿಫ್ಲಿನ್ ಮೊದಲಾದವರು ರೂಪಿಸಿದ ಸೂತ್ರವಿದು: ತೂಕದ ಕಿಲೋಗಳನ್ನು ೧೦ರಿಂದ ಗುಣಿಸಿರಿ, ಎತ್ತರದ ಸೆಂಟಿಮೀಟರುಗಳನ್ನು ೬.೨೫ರಿಂದ ಗುಣಿಸಿ ಅದಕ್ಕೆ ಕೂಡಿರಿ. ವಯಸ್ಸಿನ ವರ್ಷಗಳನ್ನು ೫ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಪುರುಷರು ೫ನ್ನು ಕೂಡಿಕೊಳ್ಳಲಿ, ಸ್ತ್ರೀಯರು ೧೬೧ನ್ನು ಕಳೆಯಲಿ. ಬಂದದ್ದು ಸುಮ್ಮನೆ ಮಲಗಿದ್ದರೂ ಶರೀರಕ್ಕೆ ಬೇಕಾಗುವ ಉಷ್ಣ. ಅದನ್ನು ಕುಳಿತು ಕೆಲಸ ಮಾಡುವವರು ೧.೪ರಿಂದಲೂ, ಮಧ್ಯಮ ಶ್ರಮದವರು ೧.೮ರಿಂದಲೂ ಗುಣಿಸಿದರೆ ದಿನದ ಒಟ್ಟು ವೆಚ್ಚವು ಸಿಕ್ಕುವುದು.

ಉದಾಹರಣೆಗೆ, ೪೫ ವರ್ಷದ, ೧೬೫ ಸೆಂಟಿಮೀಟರು ಎತ್ತರದ, ೮೦ ಕಿಲೋ ತೂಗುವ ಒಬ್ಬ ಅಂಗಡಿಯ ಯಜಮಾನನನ್ನು ಊಹಿಸೋಣ. ೮೦೦ ಮತ್ತು ೧೦೩೧ ಸೇರಿ ೧೮೩೧, ೨೨೫ ಕಳೆದು ೫ ಕೂಡಿದರೆ ೧೬೧೧, ೧.೪ರಿಂದ ಗುಣಿಸಿದರೆ ಸುಮಾರು ೨೨೫೦. ಅವನ ಪತ್ನಿ ೪೦ ವರ್ಷದವಳು, ೧೫೨ ಸೆಂಟಿಮೀಟರು, ೬೬ ಕಿಲೋ ಎನ್ನೋಣ. ಅವಳ ಲೆಕ್ಕವು ಸುಮಾರು ೧೭೫೦ಕ್ಕೆ ಬರುವುದು. ಒಂದೇ ಪಾತ್ರೆಯಲ್ಲಿ ಬೆಂದ ಅನ್ನವನ್ನು ಉಣ್ಣುವ ಇಬ್ಬರಲ್ಲಿ ೫೦೦ ಕ್ಯಾಲೊರಿಗಳ ವ್ಯತ್ಯಾಸ! ಗಂಡನು ಉಂಡಷ್ಟನ್ನೇ ಉಣ್ಣುವ ಹೆಂಡತಿಯ ಮೈ ಬೆಳೆದರೆ ಅದು ಅವಳ ದೋಷವಲ್ಲ, ಗಣಿತದ ಫಲ. ಈ ಸೂತ್ರವು ಅಮೆರಿಕೆಯ ಜನರನ್ನು ಅಳೆದು ಮಾಡಿದುದಾದ್ದರಿಂದ ನಮ್ಮವರ ವೆಚ್ಚವು ಇದಕ್ಕಿಂತ ತುಸು ಕಡಮೆಯೇ ಇರಬಹುದು. ಅಂಕಿಯನ್ನು ದಾರಿಯ ಮೈಲಿಗಲ್ಲೆಂದು ತಿಳಿಯಬೇಕು, ದೇವರ ಅಪ್ಪಣೆಯೆಂದಲ್ಲ.

ಇನ್ನು ಎಷ್ಟು ಕಳೆಯಬೇಕು? ಮೈಯಲ್ಲಿ ಕೂಡಿದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ೭೭೦೦ ಕ್ಯಾಲೊರಿ ಅಡಗಿರುವುದು. ದಿನಕ್ಕೆ ೫೦೦ ಕಡಮೆ ಉಂಡರೆ ವಾರಕ್ಕೆ ೩೫೦೦ ಉಳಿದು, ಹತ್ತಿರ ಹತ್ತಿರ ಅರ್ಧ ಕಿಲೋ ಇಳಿಯುವುದು. ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಸೂಚನೆಗಳೂ ವಾರಕ್ಕೆ ಅರ್ಧ ಕಿಲೋ ಇಳಿಕೆಯೇ ಕ್ಷೇಮವೆನ್ನುತ್ತವೆ. ಇಳಿಸುವವರ ಊಟವು ದಿನಕ್ಕೆ ೧೦೦೦ ಕ್ಯಾಲೊರಿಗಿಂತ ಕೆಳಗೆ ಹೋಗಕೂಡದೆಂದೂ ಎಚ್ಚರಿಸುತ್ತವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸ್ತ್ರೀಯರು ೧೨೦೦ಕ್ಕಿಂತ, ಪುರುಷರು ೧೫೦೦ಕ್ಕಿಂತ ಕೆಳಗಿಳಿಯದಿರುವುದೇ ಉತ್ತಮ. ಹಾಗಾದರೆ ನಮ್ಮ ಯಜಮಾನನಿಗೆ ೧೭೫೦, ಅವನ ಪತ್ನಿಗೆ ೧೪೦೦ ಸಾಕು. ಅವಳಿಂದ ೫೦೦ನ್ನು ಕಳೆಯದೆ ೩೫೦ನ್ನೇ ಕಳೆದೆವು. ಕಡಮೆ ವೆಚ್ಚದವರಿಂದ ಕಡಮೆಯನ್ನೇ ಕಳೆಯುವುದು ನ್ಯಾಯ.

ಅಡಿಗೆಯ ಮನೆಯ ತಕ್ಕಡಿ

ಬೆಂದ ಅನ್ನವನ್ನು ತೂಗುತ್ತ ಕುಳಿತರೆ ಗೃಹಿಣಿಗೆ ತಲೆಶೂಲೆ. ಬೇಯಿಸುವ ಮುನ್ನ ತೂಗುವುದು ಸುಲಭ. ನಿಮ್ಮ ಮನೆಯ ಪಾವಿನಲ್ಲಿ ಎಷ್ಟು ಗ್ರಾಂ ಅಕ್ಕಿ, ಎಷ್ಟು ಗ್ರಾಂ ರಾಗಿ ಹಿಟ್ಟು ಹಿಡಿಯುವುದೆಂಬುದನ್ನು ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ಗೋಡೆಯ ಮೇಲೆ ಬರೆದಿಡಿ. ಎಣ್ಣೆಯನ್ನು ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯದೆ, ಬೆಳಿಗ್ಗೆಯೇ ದಿನದ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ. ಒಂದು ವಾರ ಹೀಗೆ ಮಾಡಿದರೆ ಆಮೇಲೆ ಕೈಯೇ ಅಳತೆಯಾಗುವುದು.

ನೂರು ಗ್ರಾಂಗೆ ಲೆಕ್ಕವನ್ನು ಸ್ಥೂಲವಾಗಿ ಹೇಳುವುದಾದರೆ: ರಾಗಿ ೩೨೦, ಅಕ್ಕಿ ೩೫೫, ಬೇಳೆ ಮತ್ತು ಹುರುಳಿ ೩೩೦, ಹಸಿಯ ತೆಂಗಿನಕಾಯಿ ೪೧೦, ಒಣ ಕೊಬ್ಬರಿ ೬೨೦, ಬೆಲ್ಲ ೩೫೫, ಎಣ್ಣೆ ೯೦೦, ಹಸುವಿನ ಹಾಲು ೭೦. ಸೊಪ್ಪುಗಳಲ್ಲಿ ಬಲು ಸ್ವಲ್ಪ. ರಾಗಿಯನ್ನು ಉಂಡರೆ ಇಳಿಯುವುದು, ಅಕ್ಕಿಯನ್ನು ಉಂಡರೆ ಏರುವುದು ಎಂಬ ಮಾತು ಎಷ್ಟು ಹುರುಳಿಲ್ಲದ್ದೆಂದು ಈ ಅಂಕಿಗಳೇ ಹೇಳುತ್ತವೆ. ರಾಗಿಯ ನಾರಿನಿಂದ ಹಸಿವೆಯು ಬೇಗ ಮರಳದೆಂಬುದು ಅದರ ಗುಣ. ಆದರೆ ಅದಕ್ಕೂ ಅಳತೆಯುಂಟು.

ನಮ್ಮ ಸೀಮೆಯ ಕೊಬ್ಬರಿಯನ್ನು ಕುರಿತು ಎರಡು ಮಾತು ಹೇಳಲೇಬೇಕು. ತಿಪಟೂರಿನ ಉಂಡೆ ಕೊಬ್ಬರಿಯ ಕೀರ್ತಿಯನ್ನು ಬಲ್ಲದವರಾರು? ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟಾಗ ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುವುದು. ನೀರು ಹೋದಂತೆ ಸ್ನೇಹವು ಸಾಂದ್ರವಾಗಿ, ನೂರು ಪಾಲಿನಲ್ಲಿ ಅರುವತ್ತಕ್ಕೂ ಮೇಲ್ಪಟ್ಟು ಎಣ್ಣೆಯೇ ಉಳಿಯುವುದು. ೧೫೦ ಗ್ರಾಂ ತೂಗುವ ಒಂದು ಉಂಡೆಯಲ್ಲಿ ೯೩೦ ಕ್ಯಾಲೊರಿ. ನಮ್ಮ ಯಜಮಾನನ ದಿನದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು! ಮಂಡಿಯಲ್ಲಿ ಕುಳಿತು ಮಾತಿನ ನಡುವೆ ಮುರಿದು ಬಾಯಿಗೆ ಹಾಕಿಕೊಳ್ಳುವ ಚೂರುಗಳನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಶರೀರವು ಮಾತ್ರ ಎಣಿಸುವುದು. ಎಳನೀರಾದರೋ ನೂರು ಗ್ರಾಂಗೆ ಇಪ್ಪತ್ತರ ಆಸುಪಾಸು, ಅದಕ್ಕೆ ಅಂಜಬೇಕಾದ್ದಿಲ್ಲ. ತೆಂಗನ್ನು ಬಿಡಿರೆಂದು ನಾವು ಹೇಳುವುದಿಲ್ಲ. ನಮ್ಮನ್ನು ಸಾಕಿದ ಮರ ಅದು. ಕೈತುಂಬ ಹಾಕುತ್ತಿದ್ದ ತುರಿಯನ್ನು ಎರಡು ಚಮಚಕ್ಕೆ ಇಳಿಸಿದರೆ ಸಾರಿನ ರುಚಿಯೂ ಉಳಿಯುವುದು, ಲೆಕ್ಕವೂ ಉಳಿಯುವುದು.

ಯಜಮಾನನು ಈಗ ಉಣ್ಣುತ್ತಿರುವುದು ರಾಗಿ ಹಿಟ್ಟು ೨೦೦ ಗ್ರಾಂ, ಅಕ್ಕಿ ೨೦೦, ಬೇಳೆಕಾಳು ೬೦, ಕಾಯಿತುರಿ ೬೦, ಎಣ್ಣೆ ತುಪ್ಪ ೩೫, ಹಾಲು ೩೦೦, ಸಕ್ಕರೆ ಬೆಲ್ಲ ೪೦, ಮೇಲೆ ತರಕಾರಿ ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು ೨೫೫೦. ವೆಚ್ಚವು ೨೨೫೦ ಮಾತ್ರವಾದ್ದರಿಂದ ದಿನವೂ ೩೦೦ ಕೂಡುತ್ತಿತ್ತು. ಇದನ್ನು ಹೀಗೆ ತಿದ್ದೋಣ: ಹಿಟ್ಟು ೧೨೦, ಅಕ್ಕಿ ೧೨೦, ಬೇಳೆಕಾಳು ೯೦, ಕಾಯಿ ೩೦, ಎಣ್ಣೆ ೨೦, ಹಾಲು ಹಿಂದಿನಷ್ಟೇ, ಸಕ್ಕರೆ ೧೦, ಸೊಪ್ಪು ತರಕಾರಿ ಮೊದಲಿಗಿಂತ ಹೆಚ್ಚು. ಒಟ್ಟು ೧೭೬೫. ಕಳೆದ ೭೮೫ರಲ್ಲಿ ಹತ್ತಿರ ಹತ್ತಿರ ೩೭೦ ಎಣ್ಣೆ, ಕಾಯಿ, ಸಕ್ಕರೆ ಈ ಮೂರರಿಂದಲೇ ಬಂದುದನ್ನು ಗಮನಿಸಬೇಕು. ಕಾಳನ್ನು ಕಳೆಯದೆ ಏರಿಸಿದ್ದೇವೆ. ಏಕೆಂದರೆ ಊಟವು ಇಳಿದಾಗ ಕೊಬ್ಬಿನೊಡನೆ ಮಾಂಸಖಂಡವೂ ಸವೆಯುವುದು, ಅದನ್ನು ತಡೆಯಲು ಸಸಾರಜನಕವು ಬೇಕು. ಮನೆಯಾಕೆಯು ಇದೇ ಅಡಿಗೆಯಲ್ಲಿ ಹಿಟ್ಟು ೯೦, ಅಕ್ಕಿ ೮೦, ಕಾಳು ೮೦, ಎಣ್ಣೆ ೧೫, ಕಾಯಿ ೨೦ರ ಪಾಲನ್ನು ತೆಗೆದುಕೊಂಡರೆ, ಹಾಲು ತರಕಾರಿ ಸೇರಿ ೧೪೦೦ರ ಸಮೀಪಕ್ಕೆ ಬರುವುದು. ಬೇರೆ ಒಲೆ ಹೂಡಬೇಕಾದ್ದಿಲ್ಲ.

ಶಾಸ್ತ್ರವು ಹೇಳುವುದು

ನಮ್ಮ ಪ್ರಾಚೀನರು ಕ್ಯಾಲೊರಿಯನ್ನು ಅರಿಯರು. ಆದರೆ ಮಾತ್ರೆಯನ್ನು, ಎಂದರೆ ಅಳತೆಯನ್ನು, ಬಲ್ಲರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಅಳತೆಯರಿತು ಉಣ್ಣಬೇಕೆಂದು ಆರಂಭಿಸಿ, ಆ ಅಳತೆಯು ಅವರವರ ಜಠರಾಗ್ನಿಯ ಬಲವನ್ನು ಅನುಸರಿಸುವುದೆಂದು ಹೇಳುವುದು. ಸಕಲರಿಗೂ ಸಲ್ಲುವ ಒಂದು ಅಂಕಿಯನ್ನು ಆಚಾರ್ಯರು ಕೊಡಲಿಲ್ಲ. ಕೊಡದಿದ್ದುದೇ ಅವರ ವಿವೇಕ. ಅದೇ ಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸ್ಥೂಲನಿಗೆ ಹೊಟ್ಟೆ ತುಂಬುವಂಥದಾದರೂ ಮೈ ಬೆಳೆಸದಂಥ ಆಹಾರವನ್ನು ವಿಧಿಸಿ, ಯವೆ, ಸಾಮೆ, ಹಾರಕ, ಹೆಸರು, ಹುರುಳಿ, ತೊಗರಿಗಳನ್ನು ಹೆಸರಿಸಿದ್ದಾರೆ. ಸಾಮೆ ಹಾರಕ ಹುರುಳಿಗಳು ನಮ್ಮ ಬೆದ್ದಲು ಹೊಲಗಳ ಹಳೆಯ ಬೆಳೆಗಳು. ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು ನಮ್ಮ ಅಡಿಗೆಮನೆಯ ನಿತ್ಯದ ವಸ್ತುಗಳು. ಪಥ್ಯಕ್ಕಾಗಿ ದೂರದೇಶದ ಡಬ್ಬಿಗಳಿಗೆ ಹಣ ಸುರಿಯುವವರು ಮೊದಲು ತಮ್ಮ ಕಣಜವನ್ನು ನೋಡಿಕೊಳ್ಳಲಿ.

ಮನೆಯಲ್ಲಿ ಒದಗುವ ತೊಡಕುಗಳು

ಲೆಕ್ಕವು ಕಾಗದದ ಮೇಲೆ ಸುಲಭ, ಪಂಕ್ತಿಯಲ್ಲಿ ಕಷ್ಟ. ಹಸಿವೆಯನ್ನು ಕಂಡ ನಾಡಿನಲ್ಲಿ "ಇನ್ನೊಂದು ತುತ್ತು" ಎಂದು ಬಲವಂತ ಮಾಡುವುದೇ ಪ್ರೀತಿಯ ಗುರುತಾಯಿತು. ಧಾತು ಈಶ್ವರದ ಬರವನ್ನು ದಾಟಿ ಬಂದವರ ಮನೆಯಲ್ಲಿ ಅದು ಸಹಜವೇ. ಇಂದು ಸಕ್ಕರೆ ಕಾಯಿಲೆಯ ಅಣ್ಣನ ಎಲೆಗೆ ಮೂರನೆಯ ಒಬ್ಬಟ್ಟನ್ನು ಹಾಕಿ ತುಪ್ಪ ಬಡಿಸುವ ತಂಗಿಯ ಪ್ರೀತಿಯು ದೊಡ್ಡದು. ಆದರೆ ಆ ಪ್ರೀತಿಯು ಬೇರೊಂದು ರೂಪವನ್ನು ತಾಳಬೇಕು.

ಎರಡನೆಯ ತೊಡಕು ಗೃಹಿಣಿಯದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಅವಳು. "ಅನ್ನ ಚೆಲ್ಲಬಾರದು" ಎಂದು ಮಕ್ಕಳು ಬಿಟ್ಟದ್ದನ್ನೂ ತಳದಲ್ಲಿ ಉಳಿದದ್ದನ್ನೂ ತಾನೇ ಮುಗಿಸುತ್ತಾಳೆ. ಏನೂ ಉಳಿಯದ ದಿನ ಮಜ್ಜಿಗೆ ಕುಡಿದು ಮಲಗುತ್ತಾಳೆ. ಒಂದು ದಿನ ಅತಿ, ಇನ್ನೊಂದು ದಿನ ಅಲ್ಪ. ಹೀಗೆ ಅವಳ ಊಟವು ಅವಳ ಕೈಯಲ್ಲಿಲ್ಲದೆ ಪಾತ್ರೆಯ ಕೈಯಲ್ಲಿರುವುದು. ಅವಳ ಪಾಲನ್ನು ಮೊದಲೇ ತೆಗೆದಿರಿಸಿ ಅವಳನ್ನೂ ಜೊತೆಗೇ ಕೂರಿಸುವ ಮನೆಯಲ್ಲಿ ಮಾತ್ರ ಅವಳಿಗೆ ಹೇಳಿದ ಲೆಕ್ಕವು ನಡೆಯುವುದು. ಇದು ಗೃಹಸ್ಥನ ಕೆಲಸ. ಇದನ್ನು ಮಾಡದೆ ಹೆಂಡತಿಯ ಮೈಯನ್ನು ಹಾಸ್ಯ ಮಾಡುವವನು ಹಾಸ್ಯಕ್ಕೆ ತಾನೇ ಪಾತ್ರನು.

ಮೂರನೆಯದು ಒಪ್ಪೊತ್ತಿನ ಭ್ರಮೆ. ಸೋಮವಾರ ಶನಿವಾರಗಳಲ್ಲಿ ಒಪ್ಪೊತ್ತು ಮಾಡಿ, ರಾತ್ರಿಯ ಫಲಾಹಾರಕ್ಕೆ ಕಾಯಿ ಬೆಲ್ಲ ಕಲಸಿದ ಅವಲಕ್ಕಿಯನ್ನು ತೃಪ್ತಿಯಾಗುವಷ್ಟು ತಿಂದರೆ ಬಿಟ್ಟ ಊಟಕ್ಕಿಂತ ಅದೇ ಹೆಚ್ಚಾಗುವುದು. ವ್ರತವು ಮನಸ್ಸಿನ ಶುದ್ಧಿಗಾಗಿ. ತೂಕವು ಅದನ್ನು ಲೆಕ್ಕಕ್ಕೆ ಹಿಡಿಯದು.

ನಾಲ್ಕನೆಯದು ನಡಿಗೆಯ ಮೇಲಿನ ಅತಿಭರವಸೆ. ೮೦ ಕಿಲೋ ತೂಗುವವನು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಹೆಚ್ಚಾಗಿ ವ್ಯಯವಾಗುವುದು ಸುಮಾರು ೨೦೦ ಕ್ಯಾಲೊರಿ. ಮೂವತ್ತು ಗ್ರಾಂ ಕೊಬ್ಬರಿಯು ಅದನ್ನು ಹಿಂದಕ್ಕೆ ತಂದುಕೊಡುವುದು. ಹಾಗೆಂದು ನಡಿಗೆಯನ್ನು ಬಿಡಬಾರದು. ಹೃದಯಕ್ಕೂ ನಿದ್ರೆಗೂ, ಇಳಿದ ತೂಕವು ಮರಳಿ ಏರದಂತೆ ಕಾಯುವುದಕ್ಕೂ ಅದು ಬೇಕೇ ಬೇಕು.

ಐದನೆಯದು ನಿರಾಶೆ. ಮೊದಲ ಒಂದೆರಡು ವಾರ ಮೈಯ ನೀರೂ ಹೋಗುವುದರಿಂದ ತೂಕವು ಬೇಗ ಇಳಿಯುವುದು, ಆಮೇಲೆ ನಿಧಾನವಾಗುವುದು. ಹಗುರವಾದ ದೇಹಕ್ಕೆ ವೆಚ್ಚವೂ ಕಡಮೆ. ನಮ್ಮ ಯಜಮಾನನು ೭೦ ಕಿಲೋಗೆ ಇಳಿದಾಗ ಅವನ ವೆಚ್ಚವು ೨೨೫೦ರಿಂದ ೨೧೧೫ರ ಆಸುಪಾಸಿಗೆ ಬಂದಿರುವುದು. ಆದ್ದರಿಂದ ನಾಲ್ಕೈದು ಕಿಲೋ ಇಳಿದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಮಾಡಬೇಕು. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ನಾಲ್ಕು ವಾರಗಳ ಬರಹವೇ ಸೂತ್ರಕ್ಕಿಂತ ದೊಡ್ಡ ಗುರು: ತೂಕವು ಕದಲದಿದ್ದರೆ ನೂರು ನೂರೈವತ್ತನ್ನು ಕಳೆಯಿರಿ, ವಾರಕ್ಕೆ ಒಂದು ಕಿಲೋ ಮೀರಿ ಇಳಿಯುತ್ತಿದ್ದರೆ, ತಲೆ ಸುತ್ತಿದರೆ, ಕೂದಲು ಉದುರಿದರೆ, ಅಷ್ಟನ್ನು ಕೂಡಿಕೊಳ್ಳಿರಿ.

ಯಾರು ಈ ಲೆಕ್ಕಕ್ಕೆ ಕೈಹಾಕಕೂಡದು?

ಗರ್ಭಿಣಿಯರು ಮತ್ತು ಬಾಣಂತಿಯರು. ಗರ್ಭಿಣಿಗೆ ದಿನಕ್ಕೆ ೩೫೦ ಕ್ಯಾಲೊರಿ, ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ೬೦೦ ಕ್ಯಾಲೊರಿ ಹೆಚ್ಚಾಗಿಯೇ ಬೇಕೆಂದು ಪರಿಷತ್ತು ಗೊತ್ತುಮಾಡಿದೆ. ಬೆಳೆಯುವ ಮಕ್ಕಳನ್ನು ಕ್ಯಾಲೊರಿಯ ಪಟ್ಟಿಯ ಮುಂದೆ ನಿಲ್ಲಿಸಬಾರದು. ಅವರನ್ನು ಆಟದ ಬಯಲಿಗೆ ಕಳುಹಿಸಿ, ಕುರುಕಲು ತಿಂಡಿಯ ಪೊಟ್ಟಣವನ್ನು ಮನೆಗೆ ತರದಿದ್ದರೆ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನನ್ನೋ ಮಾತ್ರೆಗಳನ್ನೋ ತೆಗೆದುಕೊಳ್ಳುವವರು ಊಟವನ್ನು ಮಾತ್ರ ಇಳಿಸಿ ಔಷಧವನ್ನು ಹಾಗೆಯೇ ಇಟ್ಟುಕೊಂಡರೆ ರಕ್ತದ ಸಕ್ಕರೆಯು ಹಠಾತ್ತನೆ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಅವರು ಊಟದಲ್ಲಿ ಒಂದು ತುತ್ತನ್ನು ಕಳೆಯುವ ಮುನ್ನ ವೈದ್ಯರನ್ನು ಕಾಣತಕ್ಕದ್ದು. ಹೃದಯ, ಮೂತ್ರಪಿಂಡಗಳ ರೋಗವುಳ್ಳವರಿಗೂ ಇದೇ ಮಾತು.

ಎಂಬತ್ತು ಕಿಲೋದವನು ಐವತ್ತೈದಕ್ಕೆ ಇಳಿಯಬೇಕೆಂಬ ಹಟವೂ ಬೇಡ. ತೂಕದ ನೂರರಲ್ಲಿ ಐದರಿಂದ ಹತ್ತು ಪಾಲು, ಎಂದರೆ ನಾಲ್ಕರಿಂದ ಎಂಟು ಕಿಲೋ ಇಳಿಸಿ, ಇಳಿದಲ್ಲಿ ನಿಲ್ಲಿಸಿಕೊಂಡರೂ ರಕ್ತದ ಒತ್ತಡ, ಸಕ್ಕರೆ, ಮಂಡಿಯ ನೋವು ಮೂರೂ ತಗ್ಗುವ ಸಂಭವವುಂಟು. ಆರು ತಿಂಗಳ ಕೆಲಸವದು, ಆರು ದಿನಗಳದಲ್ಲ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಪಕ್ಕದ ಮನೆಯವರ ಅಂಕಿಯನ್ನು ಕೇಳಬೇಡಿರಿ. ಫೋನು ಹೇಳುವ ಅಂಕಿಯನ್ನು ಪ್ರಶ್ನಿಸದೆ ನುಂಗಬೇಡಿರಿ. ಈ ಭಾನುವಾರ ಒಂದು ಹಾಳೆ, ಒಂದು ಸೀಸದ ಕಡ್ಡಿ, ಅಳತೆಯ ಪಟ್ಟಿ ಇವನ್ನು ತೆಗೆದುಕೊಂಡು ಗಂಡಹೆಂಡಿರಿಬ್ಬರೂ ಜೊತೆಯಾಗಿ ಕುಳಿತು ನಿಮ್ಮ ನಿಮ್ಮ ಲೆಕ್ಕವನ್ನು ಮಾಡಿರಿ. ಸೋಮವಾರದಿಂದ ಎಣ್ಣೆಯ ಬಟ್ಟಲು, ಕಾಯಿತುರಿ, ಕಾಫಿಯ ಸಕ್ಕರೆ ಈ ಮೂರರಲ್ಲಿ ಮಾತ್ರ ಕೈ ಹಿಡಿಯಿರಿ; ಮುದ್ದೆಯ ಸರದಿ ಎರಡನೆಯ ವಾರಕ್ಕೆ ಬರಲಿ.